ಸೂಜಿ ಮುರಿಯದ ಅಂಗಡಿ

ಆ ಹೊಲಿಗೆ ಯಂತ್ರದ ಅಂಗಡಿಯಲ್ಲಿ ಮೂವತ್ತೆಂಟು ವರ್ಷಗಳಿಂದ ಒಂದೇ ಒಂದು ಸೂಜಿ ಮುರಿದಿರಲಿಲ್ಲ. ಮುರಿದ ಸೂಜಿಗಳು ಡಬ್ಬಿಗಟ್ಟಲೆ ಬಿದ್ದಿದ್ದವು, ಅದು ಬೇರೆ ಮಾತು. ಆದರೆ ಯಜಮಾನರ ಎದುರು 'ಮುರಿಯಿತು' ಎಂದು ಬಾಯಿಬಿಟ್ಟು ಹೇಳಿ ಕೆಲಸ ಉಳಿಸಿಕೊಂಡ ನೌಕರನಿರಲಿಲ್ಲ. ಸೂಜಿ 'ಕೆಲಸ ಮುಗಿಸಿದೆ' ಎನ್ನಬೇಕು. ದಾರ ತುಂಡಾದರೆ 'ಬಿಡುವು ತಗೊಂಡಿದೆ'. ಮೋಟರ್ ಸುಟ್ಟು ಹೊಗೆ ಬಂದರೂ 'ಸ್ವಲ್ಪ ಬೆಚ್ಚಗಾಗಿದೆ'. ಸಂಜೆ ಅಂಗಡಿ ಮುಚ್ಚುವ ಹಾಗಿಲ್ಲ, ಬಾಗಿಲು ಮುಂದೆ ಮಾಡಬೇಕು. ಯಾರಾದರೂ ಬಾಯಿ ತಪ್ಪಿದರೆ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಬಿಡ್ತು ಅನ್ನು!" ಎನ್ನುತ್ತಿದ್ದರು. ಬಿಡ್ತು ಅನ್ನುವವರೆಗೆ ಅವರು ಬಿಡುತ್ತಿರಲಿಲ್ಲ.

ಇದರಿಂದ ಗಿರಾಕಿಗಳಿಗೆ ಆಗಾಗ ಸಣ್ಣಪುಟ್ಟ ತಲೆನೋವಾಗುತ್ತಿತ್ತು. ಕೆಳಗಿನ ದಾರ ಸುತ್ತುವ ಬಾಬಿನ್ ಕೇಳಿಕೊಂಡು ಬಂದವರಿಗೆ ಯಜಮಾನರು "ತುಂಬಿದೆಯಮ್ಮ" ಎನ್ನುವರು. "ಹಾಗಾದ್ರೆ ಎರಡು ಕೊಡಿ" ಎಂದು ಅವರು ಕೈ ಚಾಚುವರು. "ಅಯ್ಯೋ, ತುಂಬಿದೆ ಅಂತ ಆಗಲೇ ಹೇಳ್ಲಿಲ್ವಾ!" ಎಂದು ಇವರು ಸಿಡುಕುವರು. ಇದು ಮೂರು ಸುತ್ತು ನಡೆದ ಮೇಲೆ ಬಾಬಿನ್ ಮುಗಿದಿದೆ ಎಂಬುದು ಗಿರಾಕಿಗೆ ಹೊಳೆದು, ಆಕೆ ಎದುರುಗಡೆ ಅಂಗಡಿಗೆ ಹೋಗುವಳು.

ಯಜಮಾನರ ಸೊಸೆ ಈ ಭಾಷೆಯನ್ನು ಕಲಿತಿದ್ದಳೇ ಹೊರತು ನಂಬಿರಲಿಲ್ಲ. ಮೆಟ್ಟಿಲ ಕೆಳಗೆ, ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ ಅವಳದೊಂದು ಮೇಜು, ಮೇಜಿನ ಮೇಲೆ ಅಂಗಡಿಯ ಫೋನು, ಒಂದು ಹಳೇ ಕಂಪ್ಯೂಟರು. ಫೋನ್ ಮಾಡುವ ಜನಕ್ಕೆ ಯಜಮಾನರ ಪರಿಚಯವಿರಲಿಲ್ಲವಾದ್ದರಿಂದ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. "ಮೇಡಂ, ಸೂಜಿ ಮುರಿದು ಒಳಗೆ ಬಿದ್ದುಬಿಟ್ಟಿದೆ." "ಪೆಡಲ್ ತುಳಿದ್ರೆ ಕಟಕಟ ಅನ್ನುತ್ತೆ, ಹೊಲಿಗೆ ಬೀಳಲ್ಲ." ಅವಳು ಆ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೊಳ್ಳುವಳು, ಒಳಗೆ ರಿಪೇರಿ ಮಾಡುವ ಮೇಸ್ತ್ರಿಯನ್ನು ಕೇಳುವಳು, ಪ್ರಶ್ನೆ ಮತ್ತು ಉತ್ತರ ಎರಡನ್ನೂ ಅಂಗಡಿಯ ವೆಬ್‌ಸೈಟಿಗೆ ಏರಿಸುವಳು. ಆರು ವರ್ಷದಲ್ಲಿ ಇನ್ನೂರ ಹನ್ನೆರಡು ಪ್ರಶ್ನೆ, ಒಂದೊಂದಕ್ಕೆ ಒಂದೊಂದು ಪುಟ. ಸೈಟು ನೋಡಲು ಏನೇನೂ ಚೆನ್ನಾಗಿರಲಿಲ್ಲ. ಆದರೆ ಅರ್ಧ ಹೊಲಿದ ಬಟ್ಟೆ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡು ಕಂಗಾಲಾದ ಯಾರೇ ಆಗಲಿ "ಕೆಳಗಿನ ದಾರ ಗಂಟು ಬೀಳುತ್ತೆ ಯಾಕೆ" ಎಂದು ಮೊಬೈಲಿನಲ್ಲಿ ಹುಡುಕಿದರೆ, ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದದ್ದು ಇದೇ ಅಂಗಡಿ. ಅರ್ಧ ಜನ ಓದಿ ತಾವೇ ಸರಿಮಾಡಿಕೊಳ್ಳುವರು, ಉಳಿದವರು ಫೋನ್ ಮಾಡುವರು. ದಿನಕ್ಕೆ ಮೂವತ್ತು ನಲವತ್ತು ಫೋನು.

ಆ ಮೇಜೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಅವಳು ಸೊಸೆ, ಹೆಂಡತಿ, ನಾದಿನಿ ಬಂದಾಗ ಹಾಸಿಗೆ ಹಾಸುವವಳು. ಆ ಮೇಜಿನ ಹಿಂದೆ ಮಾತ್ರ ಅವಳು ವಿಷಯ ಬಲ್ಲವಳು. ಯಾರೋ ಗುರುತಿಲ್ಲದವರು "ನೀವು ಹೇಳ್ದಂಗೆ ಮಾಡ್ದೆ, ಸರಿಹೋಯ್ತು ಕಣ್ರೀ" ಎಂದ ದಿನ ಅವಳು ಮನೆಗೆ ಹೆಜ್ಜೆ ಹಗುರವಾಗಿ ನಡೆದು ಹೋಗುತ್ತಿದ್ದಳು.

ಹೀಗಿರುವಾಗ ಅಳಿಯಂದಿರು ಬಂದರು. ಬಂದದ್ದು ಒಬ್ಬರೇ. ಆದರೆ ಆ ಮನೆಯ ಅಳಿಯನನ್ನು ಏಕವಚನದಲ್ಲಿ ಕರೆಯುವ ಧೈರ್ಯ ಕಥೆ ಹೇಳುವವರಿಗೂ ಇಲ್ಲ. ಅಳಿಯಂದಿರು ಅಲ್ಲಿಯವರೆಗೆ ನಾಲ್ಕು ವ್ಯಾಪಾರಗಳಿಗೆ ಕೈಹಾಕಿ, ಯಜಮಾನರ ಮಾತಿನಲ್ಲಿ ಹೇಳುವುದಾದರೆ, ನಾಲ್ಕಕ್ಕೂ ಬಿಡುವು ಕೊಟ್ಟಿದ್ದರು. ಈಗ ಮಾವನ ಅಂಗಡಿಯನ್ನು 'ಬ್ರ್ಯಾಂಡ್' ಮಾಡುವ ಮನಸ್ಸಾಗಿತ್ತು. ಅವರಿಗಾಗಿ ಮೇಲಿನ ಮಹಡಿಯಲ್ಲಿ ತಿರುಗುವ ಕುರ್ಚಿ ತರಿಸಲಾಯಿತು. ಅದರಲ್ಲಿ ಕುಳಿತು ಅವರು ಮೊದಲು ಮಾಡಿದ ಕೆಲಸವೆಂದರೆ ವೆಬ್‌ಸೈಟನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದ್ದು.

ಯಜಮಾನರು ಆರು ವರ್ಷ ಅದರ ಕಡೆ ತಲೆಹಾಕಿರಲಿಲ್ಲ. ಈಗ ಒಂದೊಂದೇ ಶೀರ್ಷಿಕೆ ಕಿವಿಗೆ ಬಿದ್ದ ಹಾಗೆ ಅವರ ಮುಖ ಬಿಳುಚಿತು. ಸೂಜಿ ಮುರಿಯುತ್ತದೆ, ದಾರ ತುಂಡಾಗುತ್ತದೆ, ಬೆಲ್ಟ್ ಹರಿದಿದೆ, ಯಂತ್ರ ಸತ್ತುಹೋಗಿದೆ.

"ನಮ್ಮ ಅಂಗಡಿ ಹೆಸರಿನ ಕೆಳಗೆ ಇಷ್ಟೊಂದು ಮುರುಕಾ?" ಎಂದರು ಯಜಮಾನರು. "ಲೋಕವೆಲ್ಲಾ ಓದುತ್ತಲ್ಲಪ್ಪ!"

"ಅದೇ ನೋಡಿ ಮಾವ. ನೆಗೆಟಿವ್. ಪೂರಾ ನೆಗೆಟಿವ್," ಎಂದರು ಅಳಿಯಂದಿರು, ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ.

ಒಂದು ಮಂಗಳವಾರ ಹೊಸ ಸೈಟು ಬಂತು. ಇನ್ನೂರ ಹನ್ನೆರಡು ಪುಟ ಅಳಿಸಿ ಹನ್ನೆರಡು ಹೊಸ ಪುಟ ಹಾಕಿದ್ದರು. 'ದಾರ ತುಂಡಾಗುತ್ತೆ ಯಾಕೆ' ಇದ್ದಲ್ಲಿ 'ನೂಲಿನ ನಿರಂತರತೆ'. 'ಕಟಕಟ ಸದ್ದು' ಇದ್ದಲ್ಲಿ 'ಯಂತ್ರದ ಇಂಪು'. ಮುರಿದ ಸೂಜಿಗೆ 'ಸೂಜಿಯ ನವೋದಯ' ಎಂದು ಹೆಸರಾಯಿತು. ಮೊದಲ ಪುಟದಲ್ಲಿ ಬಿಳಿ ಬಟ್ಟೆ ತೊಟ್ಟ ಒಂದು ಕುಟುಂಬ ಹುಲ್ಲಿನ ಮೇಲೆ ಓಡುತ್ತ ನಗುತ್ತಿತ್ತು. ಅವರು ಯಾರೋ, ಏಕೆ ಓಡುತ್ತಿದ್ದಾರೋ, ಹೊಲಿಗೆ ಯಂತ್ರ ಎಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ. ಯಜಮಾನರು ನೋಡಿ ಕಣ್ಣು ಒರೆಸಿಕೊಂಡರು.

ಮೊದಲ ವಾರ ಫೋನು ಇಪ್ಪತ್ತಕ್ಕಿಳಿಯಿತು. ಮೂರನೆಯ ವಾರ ಐದು. ಆರನೆಯ ವಾರದಲ್ಲಿ ಒಂದು ದಿನ ಬಂದದ್ದು ಒಂದೇ ಫೋನು, ಅದೂ ರಾಂಗ್ ನಂಬರ್. ಸೊಸೆ 'ದಾರ ತುಂಡಾಗುತ್ತೆ ಯಾಕೆ' ಎಂದು ಮೊಬೈಲಿನಲ್ಲಿ ಹುಡುಕಿ ನೋಡಿದಳು. ಮೊದಲ ಪುಟದಲ್ಲಿ ಅಂಗಡಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಐದನೆಯ ಪುಟದ ತಳದಲ್ಲಿ, ಯೋಗಾಸನದ ಚಾಪೆ ಮಾರುವವರ ಕೆಳಗೆ, 'ನೂಲಿನ ನಿರಂತರತೆ' ಕುಳಿತಿತ್ತು. ಮೊದಲ ಸ್ಥಾನದಲ್ಲಿ ಎದುರುಗಡೆ ಅಂಗಡಿಯಿತ್ತು. ಅಲ್ಲಿ ಯಾರೋ ಹತ್ತಿಪ್ಪತ್ತು ಪ್ರಶ್ನೆಗೆ ಅಡ್ಡಾದಿಡ್ಡಿ ಉತ್ತರ ಬರೆದು ಹಾಕಿದ್ದರು.

'ಬಿದ್ದುಹೋಗಿದೆ' ಎನ್ನುವ ಹಾಗಿಲ್ಲವಾದ್ದರಿಂದ ಅವಳು ಮಾವನ ಹತ್ತಿರ ಹೋಗಿ, "ಮಾವ, ನಮ್ಮ ಸೈಟು ಈಗ ಸ್ವಲ್ಪ ಕೆಳಗಡೆ ವಾಸವಾಗಿದೆ," ಎಂದಳು.

ಯಜಮಾನರಿಗೆ ಅಷ್ಟು ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಆ ಮನೆತನ ಯಾವತ್ತೂ ಹಿಂದೆ ಬಿದ್ದದ್ದಲ್ಲ. "ಫೋನ್ ನೋಡ್ಕೊಳ್ಳೋದು ನೀನು ತಾನೇ?" ಎಂದರು. "ಕೈಗುಣ ಅಂತ ಒಂದಿರುತ್ತಮ್ಮ. ಆರು ವರ್ಷ ದುಡಿದಿದೀಯ, ಸುಸ್ತಾಗಿರುತ್ತೆ. ಈ ತಿಂಗಳು ಮುಗೀಲಿ, ಆಮೇಲೆ ಮನೇಲಿ ಹಾಯಾಗಿರು. ಮೇಜು ಅಳಿಯಂದ್ರಿಗೆ ಬೇಕಂತೆ, ಪ್ರಿಂಟರ್ ಇಡೋಕೆ."

ಕೆಲಸದಿಂದ ತೆಗೆದೆ ಎಂದಿದ್ದರೆ ಅವಳು ಜಗಳವಾಡಬಹುದಿತ್ತು. ಹಾಯಾಗಿರು ಎಂದವರ ಜೊತೆ ಜಗಳವಾಡುವುದು ಹೇಗೆ? ಅವಳು ಹೋಗಿ ಮೇಜಿನ ಹಿಂದೆ ಕುಳಿತಳು. ರಾತ್ರಿ ಗಂಡನಿಗೆ ಹೇಳಿದರೆ ಅವನು ಊಟದ ತಟ್ಟೆ ನೋಡಿಕೊಂಡು, "ಅಪ್ಪ ಹೇಳಿದ್ರು ಅಂದ್ಮೇಲೆ ಒಳ್ಳೇದಕ್ಕೇ ಇರುತ್ತೆ," ಎಂದ. ಯಜಮಾನರ ಮಗ ಬಾಯಿ ತೆರೆಯುತ್ತಿದ್ದದ್ದು ಮುಖ್ಯವಾಗಿ ಊಟಕ್ಕೆ.

ಅಷ್ಟರಲ್ಲಿ ಅಳಿಯಂದಿರೇ ಒಬ್ಬ ತಜ್ಞನನ್ನು ಕರೆಸಿದರು. ಹುಡುಕಾಟದಲ್ಲಿ ಹಿಂದೆ ಬಿದ್ದ ಸೈಟುಗಳ ಕಾಯಿಲೆ ಕಂಡುಹಿಡಿಯುವುದೇ ಆತನ ವೃತ್ತಿ. ಎರಡು ಲ್ಯಾಪ್‌ಟಾಪು, ಕುತ್ತಿಗೆಗೆ ನೇತುಹಾಕಿದ ಇನ್ನೂ ಏನೋ ಒಂದು. ಮೇಲಿನ ಮಹಡಿಯಲ್ಲಿ ಸಿಗ್ನಲ್ ಸರಿಯಿಲ್ಲವೆಂದು ಬಂದು ಸೊಸೆಯ ಮೇಜಿಗೇ ಒರಗಿದ. ಅರ್ಧ ಗಂಟೆ ಕುಟುಕುಟು ಕುಟ್ಟಿ ಪರದೆಯನ್ನು ಅವಳ ಕಡೆ ತಿರುಗಿಸಿದ. ಒಂದು ಗೀಟು ಉದ್ದಕ್ಕೂ ಸಮನಾಗಿ ಬಂದು ಒಂದು ಜಾಗದಲ್ಲಿ ಮೇಜಿನಂಚಿಂದ ಲೋಟ ಬಿದ್ದ ಹಾಗೆ ಕೆಳಗಿಳಿದಿತ್ತು.

"ಈ ಮಂಗಳವಾರ ಏನಾಯ್ತು?"

"ಅವತ್ತು ಅಳಿಯಂದ್ರು ಹೊಸ ಸೈಟ್ ಹಾಕಿದ್ರು."

"ಹಳೇ ಪುಟಗಳು?"

"ಅಳಿಸಿದ್ರು."

"ಹಳೇ ವಿಳಾಸ ಹಿಡ್ಕೊಂಡು ಬಂದೋರನ್ನ ಹೊಸ ಪುಟಕ್ಕೆ ಕಳಿಸೋ ಏರ್ಪಾಡು ಮಾಡಿದ್ರಾ?"

"ಎಲ್ಲಿಗೆ ಅಂತ ಕಳಿಸ್ತೀರಿ? ಸೂಜಿ ಮುರ್ಕೊಂಡು ಬಂದೋರನ್ನ 'ಸೂಜಿಯ ನವೋದಯ'ಕ್ಕಾ?"

ತಜ್ಞ ಗಟ್ಟಿಯಾಗಿ ನಕ್ಕುಬಿಟ್ಟ. "ಇದಕ್ಕೆ ನಾನು ಬರಬೇಕಾಗಿರ್ಲಿಲ್ಲ ಮೇಡಂ. ಹಲ್ಲು ನೋವು ಬಂದೋರು ಹಲ್ಲು ನೋವು ಅಂತ್ಲೇ ಹುಡುಕ್ತಾರೆ, ದಂತಸೌಖ್ಯ ಅಂತ ಹುಡುಕಲ್ಲ. ನಿಮ್ಮ ಸೈಟಲ್ಲಿ ಈಗ ಕಾಯಿಲೇನೇ ಇಲ್ಲ, ರೋಗಿಗಳು ಯಾಕೆ ಬರ್ತಾರೆ? ಬಂದೋರಿಗೂ ಹಳೇ ಬಾಗಿಲಿದ್ದ ಕಡೆ ಗೋಡೆ ಸಿಗುತ್ತೆ. ಹಳೇದನ್ನ ಹಾಗೇ ವಾಪಸ್ ಹಾಕಿ, ಒಂದೆರಡು ತಿಂಗಳಲ್ಲಿ ಸರಿಹೋಗುತ್ತೆ."

"ಇದನ್ನೇ ಮೇಲೆ ಹೇಳ್ತೀರಾ?"

"ಹೇಳ್ದೇ ಇನ್ನೇನು? ಅದಕ್ಕೇ ತಾನೇ ಕರೆಸಿರೋದು!"

ಅವಳಿಗೆ ಹೋದ ಜೀವ ಬಂದಂತಾಯಿತು. ಒಬ್ಬ ಹೊರಗಿನವನು, ಕಲಿತವನು, ಅವಳಿಗೆ ಗೊತ್ತಿದ್ದದ್ದನ್ನೇ ಹೇಳಿದ್ದ. ತಿಂಗಳು ಮುಗಿಯಲು ಇನ್ನೂ ಹತ್ತು ದಿನವಿತ್ತು.

ಮರುದಿನ ಮೇಲಿನ ಮಹಡಿಯಲ್ಲಿ ಸಭೆ ಸೇರಿತು. ಯಜಮಾನರು, ಅಳಿಯಂದಿರು, ಮಗ, ಬಾಗಿಲ ಬಳಿ ಸೊಸೆ. ತಜ್ಞ ಗೋಡೆಯ ಮೇಲೆ ಗೀಟು ಮೂಡಿಸಿ, "ನೋಡಿ ಸಾರ್, ಇಲ್ಲಿ ನಿಮ್ಮ ಸೈಟು ಬಿದ್ದು..." ಎಂದ.

"ಬಿಡ್ತು ಅನ್ನಿ!" ಎಂದರು ಯಜಮಾನರು.

ತಜ್ಞನಿಗೆ ಅರ್ಥವಾಗಲಿಲ್ಲ. "ಅಂದ್ರೆ, ಈ ಜಾಗದಲ್ಲಿ ಕುಸಿತ..."

"ಬಿಡ್ತು ಅನ್ನಿ ಅಂದೆ!"

"ಬಿಡ್ತು," ಎಂದ ತಜ್ಞ. ಯಜಮಾನರ ಮುಖ ನೋಡಿದ, ತಿರುಗುವ ಕುರ್ಚಿ ನೋಡಿದ. ಕುರ್ಚಿಯಿಂದ ಅಳಿಯಂದಿರು ಹಿತವಾಗಿ ನಕ್ಕು, "ನಿಧಾನವಾಗಿ ಹೇಳಿ. ಹೆಂಗಿದ್ರೂ ವರ್ಷಪೂರ್ತಿ ನಿಮ್ಮ ಜೊತೆ ಕೆಲಸ ಮಾಡೋರು ನಾವು," ಎಂದರು.

ಗಾಳಿ ಬಂದಾಗ ತೂರಿಕೊಳ್ಳುವುದನ್ನು ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರು ಕುಡಿದು ಗಂಟಲು ಸರಿಮಾಡಿಕೊಂಡವನು ಒಂದು ಗಂಟೆ ಮಾತಾಡಿದ. ಇಂಟರ್‌ನೆಟ್ಟಿನ ಹುಡುಕಾಟದ ಒಳಗಿನ ಲೆಕ್ಕಾಚಾರವೇ ಜಗತ್ತಿನಾದ್ಯಂತ ಬದಲಾಗಿದೆಯಂತೆ. ಜನರ ಗಮನ ಕಡಿಮೆಯಾಗಿದೆಯಂತೆ. ಸೈಟಿನ ನೀಲಿ ಬಣ್ಣ ಇನ್ನೂ ಸ್ವಲ್ಪ ತಿಳಿಯಾಗಬೇಕಂತೆ. ಹುಲ್ಲಿನ ಮೇಲೆ ಓಡುವ ಕುಟುಂಬಕ್ಕೆ ಒಂದು ನಾಯಿಮರಿ ಸೇರಿಸಿದರೆ ಒಳ್ಳೆಯದಂತೆ. ಆ ಮಂಗಳವಾರದ ಬಗ್ಗೆ ಕೇಳಿದರೆ, ಅದು 'ಪರಿವರ್ತನೆಯ ಬಿಂದು' ಎಂದ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಯಜಮಾನರು ಪ್ರತಿ ವಾಕ್ಯಕ್ಕೂ ತಲೆದೂಗಿದರು.

ಸೊಸೆಗೆ ತಡೆಯಲಾಗಲಿಲ್ಲ. "ನಿನ್ನೆ ನನ್ನ ಮುಂದೆ ಬೇರೆ ಹೇಳಿದ್ರಲ್ಲ ಸಾರ್? ಪುಟ ಅಳಿಸಿದ್ದಕ್ಕೇ ಹಿಂಗಾಗಿದೆ ಅಂದ್ರಿ!"

ತಜ್ಞ ತನ್ನ ಲ್ಯಾಪ್‌ಟಾಪಿನೊಳಗೆ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದ. ಅವಳ ಗಂಡ ಫ್ಯಾನಿನ ರೆಕ್ಕೆ ಎಣಿಸಿದ. ಮೂರೇ ಇದ್ದರೂ ಬಹಳ ಹೊತ್ತು ಹಿಡಿಯಿತು.

"ಅಳಿಯಂದ್ರ ವಿಷ್ಯ ಬೇಡಮ್ಮ," ಎಂದರು ಯಜಮಾನರು ಮೃದುವಾಗಿ. "ನೀನು ಹೋಗಿ ಹಾಯಾಗಿ ಕೂತ್ಕೊ."

ಅಲ್ಲಿಗೆ ರೋಗ ನಿರ್ಣಯ ಮುಗಿಯಿತು. ನಾಯಿಮರಿಯ ಚಿತ್ರಕ್ಕೆ ಹುಡುಕಾಟ ಶುರುವಾಯಿತು.

ತಿಂಗಳು ಮುಗಿಯಲು ಎರಡು ದಿನವಿದೆ ಎನ್ನುವಾಗ ಯಜಮಾನರು, ಅಳಿಯಂದಿರು, ಸೊಸೆ ಮೂವರೂ ಮಧ್ಯಾಹ್ನದ ಊಟಕ್ಕೆ ಒಟ್ಟಿಗೇ ಮನೆಗೆ ಬಂದರು. ನಡುಮನೆಯಲ್ಲಿ ಅತ್ತೆಯವರ ಹೊಲಿಗೆ ಯಂತ್ರ ಮಗುಚಿ ಮಲಗಿತ್ತು. ಅದರ ಪಕ್ಕ ಒಬ್ಬ ಗಂಡಸು ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಯಂತ್ರದ ಹೊಟ್ಟೆಯೊಳಗೆ ಕೈಹಾಕಿದ್ದ. ಅವನ ಅಂಗಿಯ ಬೆನ್ನಿನ ಮೇಲೆ ಎದುರುಗಡೆ ಅಂಗಡಿಯ ಹೆಸರು ಕೆಂಪಕ್ಷರದಲ್ಲಿ ಅಚ್ಚಾಗಿತ್ತು.

ಯಜಮಾನರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ಮಾರಿ, ರಿಪೇರಿ ಮಾಡಿಸಿ ಬದುಕಿದವರ ಮನೆಯಲ್ಲಿ ಎದುರಾಳಿಯ ಮೇಸ್ತ್ರಿ!

"ಇದೇನೇ ಇದು?" ಎಂದರು ಹೆಂಡತಿಗೆ.

"ಏನು ಅಂದ್ರೆ? ದಾರ ಪದೇ ಪದೇ ತುಂಡಾಗ್ತಿದೆ ಅಂತ ನಿಮಗೆ ಮೂರು ಸಲ ಹೇಳ್ದೆ. ಮೂರು ಸಲನೂ ಬಿಡ್ತು ಅನ್ನು ಅಂದ್ರಿ. ನಾನು ಬಿಡ್ತು ಅಂದೆ, ದಾರ ಅನ್ನಲಿಲ್ಲ." ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. "ಮೊಬೈಲಲ್ಲಿ ಹಂಗೇ ಬರೆದು ಹುಡುಕ್ದೆ. ಮೇಲೆ ಬಂದ ನಂಬರಿಗೆ ಫೋನ್ ಮಾಡ್ದೆ. ನಮ್ಮೋರೇ ಅಂದ್ಕೊಂಡೆ. ಮೊದಲೆಲ್ಲಾ ನಮ್ಮೋರೇ ಇರ್ತಿದ್ರಲ್ಲ?"

ಮೇಸ್ತ್ರಿ ಟಾರ್ಚ್ ಬಾಯಿಂದ ತೆಗೆದು ಎದ್ದು ನಿಂತ. ಯಜಮಾನರ ಗುರುತು ಹಿಡಿದು ಬೆವರಿದ. ಪಾಪದ ಮನುಷ್ಯ, ಸಮಾಧಾನ ಹೇಳಲು ಹೋಗಿ ಗಾಯದ ಮೇಲೆ ಉಪ್ಪು ಸವರಿದ.

"ತಪ್ಪು ತಿಳೀಬೇಡಿ ಸಾರ್, ವಿಳಾಸ ನಿಮ್ಮನೇದು ಅಂತ ಗೊತ್ತಿರ್ಲಿಲ್ಲ. ನಿಜ ಹೇಳ್ಬೇಕಂದ್ರೆ ಮೊದ್ಲು ನಿಮ್ದೇ ಮೇಲೆ ಬರ್ತಿತ್ತು. ನಾವೇ ಎಷ್ಟೋ ಸಲ ಅದನ್ನ ಓದ್ಕೊಂಡು ಹೋಗಿ ರಿಪೇರಿ ಮಾಡಿದೀವಿ. ನೀವು ಯಾಕೋ ತೆಗೆದುಬಿಟ್ರಿ, ಫೋನೆಲ್ಲ ನಮ್ಮ ಕಡೆ ತಿರುಗ್ತು. ನಮ್ಮ ಓನರು ಈಗ ತಾವೇ ಕೂತು ಬರೀತಿದಾರೆ, ಅವ್ರಿಗೆ ಬರಲ್ಲ. ಅದನ್ನ ಬರೆದೋರು ಸಿಕ್ಕಿದ್ರೆ ಒಂದು ಮಾತು ಕೇಳಿ ಅಂತ ನಮಗೆಲ್ಲ ಹೇಳಿದಾರೆ. ಯಾರು ಸಾರ್ ಬರೆದಿದ್ದು?"

ಅಳಿಯಂದಿರು ಹಿಂದಿನ ಬಾಗಿಲ ಕಡೆಗೆ ಕೈತೊಳೆಯಲು ಹೋದರು. ಅತ್ತೆ ಕೈಯಲ್ಲಿದ್ದ ಸೌಟಿನಿಂದ ಸೊಸೆಯ ಕಡೆ ತೋರಿಸಿದರು.

"ಇವಳು," ಎಂದರು. "ಇನ್ನು ಎರಡು ದಿನಕ್ಕೆ ಇವಳು ಹಾಯಾಗಿರ್ತಾಳಂತೆ."

ಆ ಮಧ್ಯಾಹ್ನ ಯಜಮಾನರಿಗೆ ಊಟ ಸೇರಲಿಲ್ಲ. ಸಂಜೆಯವರೆಗೆ ಗಲ್ಲದ ಮೇಲೆ ಕೈಯಿಟ್ಟು ಕುಳಿತರು. ಮರುದಿನ ಬೆಳಿಗ್ಗೆ, ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ, ಅವರಾಗಿಯೇ ಮೆಟ್ಟಿಲ ಕೆಳಗಿನ ಮೇಜಿನ ಬಳಿ ಬಂದು ನಿಂತರು. ಆರು ವರ್ಷದಲ್ಲಿ ಮೊದಲ ಸಲ.

"ಹಳೇ ಪ್ರಶ್ನೆಗಳೆಲ್ಲಾ ನಿನ್ನ ಹತ್ರ ಇವೆಯೇನಮ್ಮ?"

"ನೋಟ್‌ಪುಸ್ತಕದಲ್ಲಿ ಇವೆ ಮಾವ. ಇನ್ನೂರ ಹನ್ನೆರಡೂ."

"ಒಳ್ಳೇದಾಯ್ತು. ವಾಪಸ್ ಹಾಕು. ಮೇಜು ಇಲ್ಲೇ ಇರ್ಲಿ, ಪ್ರಿಂಟರ್ ಬೇರೆ ಕಡೆ ಇಟ್ಕೋತಾರೆ." ಸುತ್ತ ನೋಡಿ ದನಿ ಇಳಿಸಿದರು. "ಹಾಕೋ ಮುಂಚೆ ಅಳಿಯಂದ್ರು ಒಂದ್ಸಲ ಕಣ್ಣಾಡಿಸ್ಲಿ. ತೀರಾ ಕೆಟ್ಟ ಮಾತುಗಳಿದ್ರೆ ಸ್ವಲ್ಪ ತಿದ್ದಿ ಕೊಡ್ತಾರೆ. ಮೇಲೆ ಅವರ ಹೆಸರೂ ಇರ್ಲಿ, ಅವರಿಗೂ ಬೇಜಾರಾಗಬಾರದು."

ಅವಳು ಮಾವನ ಮುಖ ನೋಡಿದಳು. ಒಳ್ಳೆಯ ಮುದುಕ. ಅವಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಓಡಿದವರು, ಒಂದು ದಿನವೂ ಗದರಿದವರಲ್ಲ. ಮೇಜು ಉಳಿಯಿತು ಎಂದು ಅವಳ ಅರ್ಧ ಮನಸ್ಸು ಕುಣಿಯುತ್ತಿತ್ತು. ಸುಮ್ಮನೆ ಹೂಂ ಎಂದುಬಿಡಬಹುದಿತ್ತು. ಇನ್ನರ್ಧ ಮನಸ್ಸು ಒಪ್ಪಲಿಲ್ಲ.

"ಮಾವ, ಒಂದು ಮಾತು ಹೇಳಿ. ಪುಟ ತೆಗೆದಿದ್ದಕ್ಕೇ ಇಷ್ಟೆಲ್ಲಾ ಆಯ್ತು, ನಿನ್ನ ಕೈಗುಣ ಅಲ್ಲ ಅಂತ. ಅವರ ಮುಂದೆ ಬೇಡ. ನನ್ನ ಒಬ್ಬಳ ಮುಂದೆ ಹೇಳಿದ್ರೆ ಸಾಕು. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ, ಅವರ ಹೆಸರೂ ಹಾಕ್ತೀನಿ."

ಯಜಮಾನರ ತುಟಿ ಅಲುಗಿತು. ಮಾತು ಗಂಟಲವರೆಗೆ ಬಂದದ್ದು ಅವಳಿಗೆ ಕಾಣಿಸಿತು. ಮೇಲಿನ ಮಹಡಿಯಲ್ಲಿ ಅಳಿಯಂದಿರ ಕುರ್ಚಿ ಕಿರುಗುಟ್ಟಿತು. ಯಜಮಾನರು ಮೇಲೆ ನೋಡಿ, ಕೆಳಗೆ ನೋಡಿ, ಕನ್ನಡಕ ಒರೆಸಿ ಹಾಕಿಕೊಂಡರು.

"ಆಗಿದ್ದೆಲ್ಲಾ ಒಳ್ಳೇದಕ್ಕೇ ಆಗಿದೆಯಮ್ಮ," ಎಂದರು.

ಅವಳು ಡ್ರಾಯರ್ ಎಳೆದು ಏಳು ನೋಟ್‌ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ಫೋನನ್ನು ಒರೆಸಿ ಮಾವನ ಕಡೆ ತಿರುಗಿಸಿಟ್ಟಳು. ರಸ್ತೆಯಾಚೆ ಎದುರುಗಡೆ ಅಂಗಡಿಯ ಮೇಸ್ತ್ರಿ ಆಗ ತಾನೇ ಮೆಟ್ಟಿಲು ಗುಡಿಸುತ್ತಿದ್ದ.

"ಎಲ್ಲಿಗಮ್ಮ?" ಎಂದರು ಯಜಮಾನರು.

"ರಾತ್ರಿ ಊಟಕ್ಕೆ ಮನೆಗೆ ಬರ್ತೀನಿ ಮಾವ. ನಿಮಗೆ ಎಂದಿನ ಹಾಗೆ ನಾನೇ ಬಡಿಸ್ತೀನಿ," ಎಂದಳು ಅವಳು, ಹೊಸಿಲು ದಾಟುತ್ತ. "ಅಂಗಡಿಯಿಂದ ಮಾತ್ರ ಹೋಗ್ತೀನಿ."